ಟೇಪಮ್ಮನ ಕಣ್ಣಳತೆ

ಆ ಬೀದಿಯಲ್ಲಿ ಟೇಪಮ್ಮನನ್ನು ಅರಿಯದವರಿಲ್ಲ. ಬಸ್ಸು ನಿಲ್ಲುವ ಜಾಗದ ಪಕ್ಕದಲ್ಲಿ, ಔಷಧಿ ಅಂಗಡಿಗೆ ಮುಖ ಮಾಡಿ ನಿಂತಿರುವ ಹೊಲಿಗೆ ಅಂಗಡಿಯ ಯಜಮಾನಿ ಆಕೆ. ಕೊರಳಲ್ಲಿ ಸದಾ ಒಂದು ಹಳದಿ ಟೇಪು ನೇತಾಡುತ್ತಿರುತ್ತದೆ, ಆದರೆ ಅದನ್ನು ಆಕೆ ತೆಗೆದು ಹಿಡಿದದ್ದನ್ನು ಕಂಡವರು ಕಡಿಮೆ. ಗಿರಾಕಿ ಬಾಗಿಲು ದಾಟಿ ಎರಡು ಹೆಜ್ಜೆ ಇಡುವಷ್ಟರಲ್ಲಿ ಎದೆ, ಸೊಂಟ, ತೋಳು ಎಲ್ಲವೂ ಆಕೆಯ ಕಣ್ಣಿಗೆ ಬಿದ್ದಾಗಿರುತ್ತದೆ. ಟೇಪು ಇರುವುದು ಗಿರಾಕಿಯ ಸಮಾಧಾನಕ್ಕೆ. ಒಮ್ಮೆ ಒಬ್ಬ ಪೊಲೀಸಿನವನ ಪ್ಯಾಂಟಿಗೆ ಕೇಳದೆಯೇ ಸೊಂಟದಲ್ಲಿ ಎರಡು ಇಂಚು ಹೆಚ್ಚು ಬಿಟ್ಟು, "ಇರಲಿ ಬಿಡಪ್ಪ, ಬೇಕಾಗುತ್ತೆ" ಅಂದಿದ್ದಳಂತೆ. ಆರು ತಿಂಗಳಲ್ಲಿ ಅವನಿಗೆ ಬಡ್ತಿ ಬಂತು, ಕೂರಲು ಕುರ್ಚಿ ಬಂತು, ಹಿಂದೆಯೇ ಹೊಟ್ಟೆಯೂ ಬಂತು.

ಬಸುರಿಯರ ವಿಷಯದಲ್ಲಂತೂ ಆ ಕಣ್ಣು ತಪ್ಪಿದ್ದೇ ಇಲ್ಲ ಎಂದು ಬೀದಿಯೇ ಹೇಳುತ್ತದೆ. ದೊಡ್ಡಾಸ್ಪತ್ರೆಯ ನರ್ಸುಗಳ ಸಮವಸ್ತ್ರವೆಲ್ಲ ಆ ಅಂಗಡಿಯದೇ ಹೊಲಿಗೆ. ಯಾವ ನರ್ಸಿಗೆ ವಿಶೇಷ ಎಂಬುದು ಅವಳ ಗಂಡನಿಗಿಂತ ಮೊದಲು, ಎಷ್ಟೋ ಸಲ ಅವಳಿಗಿಂತಲೂ ಮೊದಲು, ಟೇಪಮ್ಮನಿಗೆ ತಿಳಿಯುತ್ತಿತ್ತು. ತಿಳಿದರೆ ಬಾಯಿ ಬಿಟ್ಟು ಹೇಳುವ ಹೆಂಗಸಲ್ಲ. ಪಕ್ಕದ ಹೊಲಿಗೆ ಬಿಚ್ಚಿ, ಒಳಗೆ ಮಡಿಸಿಟ್ಟ ಬಟ್ಟೆಯಲ್ಲಿ ಎರಡು ಇಂಚು ಹೊರಗೆ ಬಿಟ್ಟು, ಹೊಸ ಹೊಲಿಗೆ ಹಾಕಿ, ಇಸ್ತ್ರಿ ಮಾಡಿಸಿ ಕೈಗೆ ಕೊಡುವಳು. ಹಾಕಿಕೊಂಡವಳಿಗೆ ಬಟ್ಟೆ ಸಡಿಲ ಅನಿಸಿ, ಕನ್ನಡಿ ನೋಡಿಕೊಂಡು, ದಿನ ಎಣಿಸಿಕೊಂಡು, ಆಮೇಲೆ ಓಡಿ ಬರುವಳು: "ಹೇಗೆ ಗೊತ್ತಾಯ್ತಮ್ಮಾ ನಿಮಗೆ?" ಆಗ ಟೇಪಮ್ಮನ ಮುಖ ಮೊರದಗಲ ಆಗುವುದು.

ಇಂಥ ಕಣ್ಣಿನ ಕೆಳಗೆ ಸೊಸೆಯಾಗಿ ಬದುಕುವುದು ಹೇಗಿರುತ್ತದೆ, ನೀವೇ ಊಹಿಸಿ.

ಅಂಗಡಿಯ ಮೇಲೆ ಎರಡು ಕೋಣೆ, ಅದೇ ಮನೆ. ಕೆಳಗಿಳಿಯಲು ಇರುವುದು ಒಂದೇ ಮೆಟ್ಟಿಲು, ಏಣಿಯಷ್ಟು ಕಡಿದು. ಅದು ಬಂದು ಇಳಿಯುವುದು ನೇರ ಅತ್ತೆಯ ಕತ್ತರಿ ಮೇಜಿನ ಮುಂದೆ. ಬಚ್ಚಲಿಗೆ ಹೋಗಬೇಕೆಂದರೆ ಆ ಮೇಜು ಬಳಸಿ, ಇಸ್ತ್ರಿ ಮಾಮನ ಹಲಗೆ ದಾಟಿ ಹಿಂದಕ್ಕೆ. ಬೀದಿಗೆ ಹೋಗಬೇಕೆಂದರೆ ಅದೇ ಮೇಜು ಬಳಸಿ, ಗಂಡನ ಮಿಷನ್ನು ದಾಟಿ ಮುಂದಕ್ಕೆ. ಇಸ್ತ್ರಿ ಮಾಮ ಅಂದರೆ ಅತ್ತೆಯ ತಮ್ಮ; ಇಡೀ ದಿನ ಇಸ್ತ್ರಿ ಪೆಟ್ಟಿಗೆಯ ಜೊತೆಗೇ ಮಾತಾಡಿಕೊಂಡಿರುವ ಮುದುಕ. ಸೊಸೆಯ ಜಾಗ ಮೆಟ್ಟಿಲ ಬುಡದಲ್ಲಿ ಒಂದು ಸ್ಟೂಲು. ಕಾಜಾ ತೆಗೆಯುವುದು, ಗುಂಡಿ ಹಾಕುವುದು, ಅಂಚು ಮಡಿಸುವುದು ಅವಳ ಪಾಲಿನ ಕೆಲಸ. ಕತ್ತು ಎತ್ತಿದರೆ ಅತ್ತೆಯ ಕಣ್ಣು, ಇಳಿಸಿದರೆ ಸೂಜಿಯ ಕಣ್ಣು. ಹೀಗೆ ಆರು ವರ್ಷ.

ಮೊದಲ ಸಲ ಬಸುರಾದಾಗಲೂ ಸುದ್ದಿ ಅವಳಿಗೆ ತಿಳಿದದ್ದು ಬಟ್ಟೆಯಿಂದಲೇ. ಒಂದು ಬೆಳಿಗ್ಗೆ ಮೊಳೆಗೆ ನೇತುಹಾಕಿದ್ದ ಅವಳ ನೀಲಿ ಅಂಗಿ ಸಡಿಲವಾಗಿತ್ತು. ಕೆಳಗಿಳಿದು ಬಂದರೆ ಗಂಡ ಹಲ್ಲು ಕಿರಿದು ನಿಂತಿದ್ದ, ಇಸ್ತ್ರಿ ಮಾಮ ಕಣ್ಣು ಒರೆಸಿಕೊಳ್ಳುತ್ತಿದ್ದ. ತಾನೇ ಯಾರಿಗಾದರೂ ಗುಟ್ಟಾಗಿ ಹೇಳಬೇಕು, ಕೇಳಿದವರ ಮುಖ ಅರಳುವುದನ್ನು ನೋಡಬೇಕು ಎಂಬ ಸಣ್ಣ ಆಸೆ ಅವಳಿಗಿತ್ತು. ಅದು ಕೈತಪ್ಪಿತು. ಹೋಗಲಿ ಬಿಡು ಅಂದುಕೊಂಡಳು. ಐದು ತಿಂಗಳು ದಾಟಿದ ಮೇಲೆ ಒಂದು ಸೋಮವಾರ ಹೊಟ್ಟೆಯೊಳಗಿನ ಅಲುಗಾಟ ನಿಂತಿತು. ಆಸ್ಪತ್ರೆಗೆ ಒಯ್ದರು. ಎಚ್ಚರವಾದಾಗ ಎಲ್ಲ ಮುಗಿದಿತ್ತು. ನೋಡುವುದು ಬೇಡ, ನೋಡಿದರೆ ಮರೆಯಲಾಗುವುದಿಲ್ಲ ಎಂದು ಎಲ್ಲರೂ ಹೇಳಿದರು. ಇನ್ನೂ ಸರಿಯಾಗಿ ಬೆಳೆದೇ ಇರಲಿಲ್ಲ, ಅಷ್ಟಕ್ಕೆಲ್ಲ ಅಳಬಾರದು ಎಂದರು. ಅವಳು ನೋಡಲಿಲ್ಲ. ಅಳುವುದನ್ನು ಮಾತ್ರ ಯಾರ ಅಪ್ಪಣೆಯನ್ನೂ ಕೇಳದೆ ಅತ್ತಳು.

ಟೇಪಮ್ಮ ಆ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳಂತೆ. "ಕಣ್ಣೆದುರಿಗೇ ಕೂತಿದ್ಲು, ನನಗೆ ಕಾಣಲಿಲ್ವಲ್ಲ" ಅಂದಳಂತೆ. ಅಲ್ಲಿಂದ ಮುಂದೆ ಆಕೆ ಸೊಸೆಯ ಮೇಲಿಟ್ಟ ಕಣ್ಣು ತೆಗೆಯಲೇ ಇಲ್ಲ. ಕತ್ತರಿ ಬಟ್ಟೆಯ ಮೇಲೆ ಓಡುತ್ತಿದ್ದರೂ ದೃಷ್ಟಿ ಸೊಸೆಯ ಸೊಂಟದ ಮೇಲೆ. ಕೆಟ್ಟ ದೃಷ್ಟಿಯಲ್ಲ, ಪಾಪ. ಅದರಲ್ಲಿ ಒಂದು ಬೈಗುಳವಿಲ್ಲ, ಒಂದು ಕೊಂಕಿಲ್ಲ. ತಿಂಗಳು ತಿಂಗಳು ಸೊಸೆ ಬಚ್ಚಲಿಗೆ ಎರಡು ಸಲ ಹೆಚ್ಚು ಓಡಾಡಿದ ದಿನ, ಮೇಜಿನ ಕಡೆಯಿಂದ ಒಂದು ನಿಟ್ಟುಸಿರು ಬರುತ್ತಿತ್ತು, ಅಷ್ಟೇ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ನಿಟ್ಟುಸಿರಿಗೆ ಏನು ಉತ್ತರ ಕೊಡುತ್ತೀರಿ?

ಬಂದುಹೋಗುವ ಗಿರಾಕಿಗಳು ಬಾಯಿ ಮುಚ್ಚಿಕೊಂಡಿರುವ ಆ ಉಪಕಾರವನ್ನೂ ಮಾಡುತ್ತಿರಲಿಲ್ಲ. "ಇನ್ನೊಂದು ಆಗಿಬಿಟ್ರೆ ಎಲ್ಲ ಮರೆತುಹೋಗುತ್ತೆ ನೋಡು" ಎನ್ನುತ್ತಿದ್ದರು. ಅವಳಿಗೆ ಹೆದರಿಕೆ ಇದ್ದದ್ದೇ ಅದು. ಮರೆತುಹೋಗುತ್ತದೆ ಎನ್ನುವುದು. ಅವಳೊಬ್ಬಳ ನೆನಪಲ್ಲಿ ಬಿಟ್ಟು ಬೇರೆಲ್ಲೂ ಇಲ್ಲದ ಆ ಕೂಸನ್ನು ಇನ್ನೊಂದು ಬಂದು ಸರಿಸಿಬಿಟ್ಟರೆ? ಮತ್ತೊಮ್ಮೆ ಅಲುಗಾಟ ನಿಂತರೆ ಎಂಬ ಭಯ ಅದರ ಜೊತೆಗೆ. ಹೀಗಾಗಿ 'ಬೇಕು' ಎನ್ನಲು ಬಾಯಿ ಬರುತ್ತಿರಲಿಲ್ಲ. 'ಬೇಡ' ಎನ್ನೋಣವೆಂದರೆ ಮನೆಯ ಆ ಮೂರು ಜನರ ಮುಖ ಕಣ್ಣೆದುರು ಬರುತ್ತಿತ್ತು. ಗಂಡನ ಜೊತೆ ಮಲಗುವುದೂ ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ, ಇಬ್ಬರೂ ಒಬ್ಬರಿಗೊಬ್ಬರು ಕ್ಷಮೆ ಕೇಳುವವರ ಹಾಗೆ. ಹೀಗೆ ಹದಿನಾಲ್ಕು ತಿಂಗಳು ಕಳೆಯಿತು.

ಕೂತು ಮಾಡುವ ಕೆಲಸ, ಮನಸ್ಸಿಗೆ ಬೇಸರ, ಸ್ಟೂಲಿನ ಕೆಳಗೆ ಬಿಸ್ಕತ್ತಿನ ಡಬ್ಬ. ಮೈ ಬರದೆ ಇನ್ನೇನಾಗುತ್ತದೆ? ಒಂದು ಬುಧವಾರ ಮಧ್ಯಾಹ್ನ ಅತ್ತೆ ಬಟ್ಟೆಯ ಥಾನು ತರಲು ಹೋಗಿದ್ದಾಗ ಅವಳು ತನ್ನ ನೀಲಿ ಅಂಗಿಯ ಪಕ್ಕದ ಹೊಲಿಗೆ ಬಿಚ್ಚಿ, ಒಂದು ಬೆರಳಿನಷ್ಟು ಸಡಿಲ ಮಾಡಿ ಹೊಲಿದುಕೊಂಡಳು. ಬೇರೆ ಮನೆಯಲ್ಲಾಗಿದ್ದರೆ ಇದೊಂದು ಸುದ್ದಿಯೇ ಅಲ್ಲ. ಆದರೆ ಆ ಮನೆಯಲ್ಲಿ ಯಾರೂ ತಮ್ಮ ಬಟ್ಟೆಯನ್ನು ತಾವೇ ಬಿಚ್ಚಿ ಹೊಲಿಯುವ ಪದ್ಧತಿ ಇರಲಿಲ್ಲ. ಗಂಡನ ಕಾಲರು ಹರಿದರೂ, ಮಾಮನ ಜೇಬು ಕಿತ್ತುಬಂದರೂ ಅದು ಮೇಜಿನ ಮೇಲೆ ಹೋಗಬೇಕು, ಟೇಪಮ್ಮ ನೋಡಬೇಕು, ಟೇಪಮ್ಮನೇ ಬಿಚ್ಚಬೇಕು. ಕದ್ದು ಬಿಚ್ಚಿಕೊಂಡವಳು ಏನನ್ನೋ ಮುಚ್ಚಿಡುತ್ತಿದ್ದಾಳೆ ಎಂದೇ ಅರ್ಥ. ಸಂಜೆ ಸ್ಟೂಲಿನ ಬಳಿ ಬಿದ್ದಿದ್ದ ನೀಲಿ ದಾರದ ತುಂಡುಗಳನ್ನು ಅತ್ತೆ ಬಗ್ಗಿ ಎತ್ತಿಕೊಂಡಳು. ಸೊಸೆಯ ಸೊಂಟ ನೋಡಿದಳು.

ಮರುದಿನ ಬೆಳಿಗ್ಗೆ ಐದು ಮೊಳೆಗಳಿಗೆ ಐದು ಅಂಗಿ ತೂಗುತ್ತಿದ್ದವು. ಐದೂ ಎರಡೆರಡು ಇಂಚು ಸಡಿಲ.

ಅವಳು ಒಂದನ್ನು ಕೈಗೆತ್ತಿಕೊಂಡು ಹೊಲಿಗೆ ಮುಟ್ಟಿ ನೋಡಿದಳು. ಅಲ್ಲ ಎಂದು ಕೂಗಬೇಕೆನಿಸಿತು. ಆದರೆ ಕೂಗಲು ತನಗೇ ಖಾತ್ರಿ ಎಲ್ಲಿತ್ತು? ಮುಟ್ಟಾಗಲು ಇನ್ನೂ ಎರಡು ದಿನವಿತ್ತು. ಮೂವತ್ತು ವರ್ಷ ತಪ್ಪದ ಕಣ್ಣು, ತನ್ನ ಮೈಗಿಂತ ಮೊದಲು ಅದಕ್ಕೇ ತಿಳಿದಿರಬಹುದಲ್ಲ? ಬಸುರಿನ ಪರೀಕ್ಷೆಯ ಪಟ್ಟಿ ತರೋಣವೆಂದರೆ ಎದುರಿನ ಔಷಧಿ ಅಂಗಡಿಯವಳು ಅತ್ತೆಯ ಹಳೆ ಗಿರಾಕಿ. ಪಟ್ಟಿ ಕೈಗೆ ಬರುವ ಮೊದಲೇ ಸುದ್ದಿ ರಸ್ತೆ ದಾಟಿರುತ್ತಿತ್ತು. ಮೆಟ್ಟಿಲಿಳಿದು ಬಂದಳು. ಅವಳ ಸ್ಟೂಲಿನ ಜಾಗದಲ್ಲಿ ಬೆನ್ನಿರುವ ಕುರ್ಚಿ ಬಂದಿತ್ತು, ಅದರ ಮೇಲೊಂದು ದಿಂಬು. ಇಸ್ತ್ರಿ ಮಾಮ ಅವಳ ಧೂಳೊರೆಸುವ ಬಟ್ಟೆಗೂ ಇಸ್ತ್ರಿ ಹಾಕಿ ನಾಲ್ಕು ಮಡಿಕೆ ಮಾಡಿಟ್ಟಿದ್ದ.

"ಏನ್ ಮಾಮ ಇದು?" ಅಂದಳು.

"ಏನಿಲ್ಲಮ್ಮ, ಪೆಟ್ಟಿಗೆ ಬಿಸಿ ಇತ್ತು" ಅಂದ ಮಾಮ. ಮೂಗು ಕೆಂಪಾಗಿತ್ತು.

ಗಂಡ ಮಿಷನ್ನು ತುಳಿಯುತ್ತಾ ಸಿಳ್ಳೆ ಹಾಕುತ್ತಿದ್ದ. ಹದಿನಾಲ್ಕು ತಿಂಗಳಲ್ಲಿ ಅವನ ಸಿಳ್ಳೆ ಯಾರೂ ಕೇಳಿರಲಿಲ್ಲ. ಅವಳತ್ತ ಮಾತ್ರ ತಿರುಗಿ ನೋಡಲಿಲ್ಲ. ನಾಚಿಕೆ ಇರಬೇಕು ಅಂದುಕೊಂಡಳು.

ಶನಿವಾರ ಮುಟ್ಟಾಯಿತು. ಹೊಟ್ಟೆನೋವು ಶುರುವಾದಾಗ ಅವಳಿಗೆ ಮೊದಲು ಬಂದದ್ದು ನಿರಾಳ, ಅದರ ಬೆನ್ನಿಗೇ ನಾಚಿಕೆ. ಕೆಳಗೆ ಹೋಗಿ ಹೇಳಿಬಿಡೋಣ ಎಂದು ಮೂರು ಮೆಟ್ಟಿಲು ಇಳಿದಳು. ಅಷ್ಟರಲ್ಲಿ ಅತ್ತೆ ಯಾರೋ ನರ್ಸಿಗೆ ಹೇಳುತ್ತಿದ್ದದ್ದು ಕೇಳಿಸಿತು: "ಈ ಸಲ ನಾನು ಕಣ್ಣಲ್ಲಿ ಕಣ್ಣಿಟ್ಟು ಕಾಯ್ತೀನಮ್ಮ. ಈ ಸಲ ಬಿಡಲ್ಲ." ಅವಳು ತಿರುಗಿ ಮೇಲೆ ಹತ್ತಿದಳು. ಔಷಧಿ ಅಂಗಡಿಗೆ ಹೋಗುವ ಹಾಗಿರಲಿಲ್ಲವಲ್ಲ, ಮೂಲೆಯ ಮೂಟೆಯಲ್ಲಿದ್ದ ಬಿಳಿ ಸಮವಸ್ತ್ರದ ತುಂಡುಬಟ್ಟೆಗಳನ್ನೇ ಮಡಿಸಿಟ್ಟುಕೊಂಡು ಆ ನಾಲ್ಕು ದಿನ ಕಳೆದಳು. ಬಚ್ಚಲಿಗೆ ಹೋದರೆ, "ಬಸುರಿಯರಿಗೆ ಆಗಾಗ ಹೋಗಬೇಕು ಅನಿಸೋದೇ" ಎಂದು ಅತ್ತೆಯೇ ಕಾರಣ ಹುಡುಕಿಕೊಟ್ಟಳು.

ದಿನಕ್ಕೊಂದು ಕಷ್ಟ ಬೆಳೆಯುತ್ತ ಹೋಯಿತು. ಭಾನುವಾರ ಹೇಳಿದ್ದರೆ ಒಂದು ಪೆಟ್ಟು, ಸೋಮವಾರಕ್ಕೆ ಅದು ಎರಡಾಯಿತು. ಹಾಲಿನ ಲೋಟ ಬಂತು, ಹಣ್ಣು ಬಂತು, ಮೆಟ್ಟಿಲಿಗೆ ಹಿಡಿದುಕೊಳ್ಳಲು ಗಂಡ ಹಗ್ಗ ಕಟ್ಟಿದ. ಮೂರು ಜನರ ಸಂತೋಷ ಅವಳನ್ನು ಗೋಡೆಗೆ ಒತ್ತಿ ನಿಲ್ಲಿಸಿತ್ತು. ಇರದ ಮಗುವನ್ನು ಈಗ ಅವಳೇ ಕೈಯಾರೆ ಕೊಲ್ಲಬೇಕಿತ್ತು. ಹೇಳಿದ ಕ್ಷಣ ಅವರ ಪಾಲಿಗೆ ಅದು ಸಾಯುತ್ತಿತ್ತು. ಇನ್ನೊಂದು ವಿಚಿತ್ರ ನೋಡಿ. ಏನೂ ಇಲ್ಲ ಎಂದು ಎಲ್ಲರಿಗಿಂತ ಚೆನ್ನಾಗಿ ತಿಳಿದವಳು ಅವಳೇ. ಆದರೂ ಮಂಗಳವಾರದಿಂದ ಮೆಟ್ಟಿಲಿಳಿಯುವಾಗ ಹಗ್ಗ ಹಿಡಿದು, ಒಂದೊಂದೇ ಹೆಜ್ಜೆ ಇಟ್ಟು ಇಳಿಯತೊಡಗಿದ್ದಳು. ಯಾರೂ ನೋಡದಿದ್ದಾಗಲೂ. ಒಮ್ಮೆ ಅರ್ಧ ಮೆಟ್ಟಿಲಲ್ಲಿ ಇದು ಅರಿವಿಗೆ ಬಂದು, ತನ್ನ ತಲೆ ಕೆಟ್ಟಿದೆ ಎಂದು ಬೈದುಕೊಂಡಳು.

ಶುಕ್ರವಾರ ಬೆಳಿಗ್ಗೆ ಡಾಕ್ಟರ ಬಳಿ ಹೋಗುವುದೆಂದು ಅತ್ತೆ ನಿಗದಿ ಮಾಡಿದ್ದಳು. ಅಲ್ಲಿ ಹೋದರೆ ಬಣ್ಣ ಬಯಲಾಗಲೇಬೇಕು. ಹೀಗಾಗಿ ಗುರುವಾರ ಮಧ್ಯಾಹ್ನ ಸೊಸೆ ಕುರ್ಚಿಯಿಂದ ಎದ್ದು ಮೇಜಿನ ಮುಂದೆ ಹೋಗಿ ನಿಂತಳು. ಟೇಪಮ್ಮ ಎಂಟು ಪದರ ಬಿಳಿ ಬಟ್ಟೆ ಹಾಸಿ, ಸೀಮೆಸುಣ್ಣದ ಗೆರೆಯ ಮೇಲೆ ಕತ್ತರಿ ಓಡಿಸುತ್ತಿದ್ದಳು. ಶುರುಮಾಡಿದ ಗೆರೆಯನ್ನು ಮುಗಿಸದೆ ಆಕೆ ಕತ್ತರಿ ನಿಲ್ಲಿಸುವುದಿಲ್ಲ, ಮನೆಗೆ ಬೆಂಕಿ ಬಿದ್ದರೂ.

"ಅತ್ತೆ, ನಾಳೆ ಡಾಕ್ಟರ ಹತ್ತಿರ ಹೋಗೋದು ಬೇಡ."

"ಯಾಕೆ?"

"ನಾನು ಬಸುರಿ ಅಲ್ಲ ಅತ್ತೆ."

ಕತ್ತರಿ ಅರ್ಧ ಗೆರೆಯಲ್ಲಿ ನಿಂತಿತು. ಗಂಡನ ಮಿಷನ್ನೂ ನಿಂತಿತು.

"ಯಾವಾಗ ಹೋಯ್ತು?" ಅಂದಳು ಅತ್ತೆ.

"ಹೋಗೋಕೆ ಅದು ಇರಲೇ ಇಲ್ಲ. ಅಂಗಿ ಬಿಗಿ ಆಗ್ತಿತ್ತು, ಬಿಚ್ಚಿ ಹೊಲ್ಕೊಂಡೆ. ಬಿಸ್ಕತ್ತು ತಿಂದು ತಿಂದು ದಪ್ಪ ಆಗಿದ್ದೀನಿ, ಅಷ್ಟೇ."

"ನನ್ನ ಹತ್ರ ಮುಚ್ಚಿಡಬೇಡ ಮಗಳೇ. ಯಾವಾಗ?"

"ಮುಚ್ಚಿಡ್ತಿಲ್ಲ ಅತ್ತೆ. ಶನಿವಾರ ಮುಟ್ಟಾದೆ."

"ಶನಿವಾರ." ಟೇಪಮ್ಮ ಮೇಜು ಹಿಡಿದುಕೊಂಡಳು. "ಹಾಗಾದ್ರೆ ಶನಿವಾರವೇ ಹೋಗಿದೆ. ಐದು ದಿನದಿಂದ ಒಬ್ಬಳೇ ನುಂಗ್ಕೊಂಡು ಕೂತಿದ್ದೀಯ. ಇಲ್ಲೇ, ನನ್ನ ಎದುರಿಗೆ, ಕಾಜಾ ತೆಗೀತಾ. ಮತ್ತೆ ನನಗೆ ಕಾಣಲಿಲ್ಲ."

"ಅಯ್ಯೋ, ಹಾಗಲ್ಲ ಅತ್ತೆ. ನಿಮ್ಮ ಕಣ್ಣು ತಪ್ಪಿದೆ. ಒಂದೇ ಒಂದು ಸಲ ತಪ್ಪಿದೆ. ಏನೂ ಇರಲಿಲ್ಲ."

"ನನಗೆ ನೋವಾಗುತ್ತೆ ಅಂತ ಹೀಗೆ ಹೇಳ್ತಿದ್ದೀಯ" ಎಂದು ಅತ್ತೆ ಅವಳನ್ನು ತಬ್ಬಿಕೊಂಡಳು. ಆರು ವರ್ಷದಲ್ಲಿ ಅದು ಮೊದಲ ಸಲ. ಅಪ್ಪುಗೆ ಎಷ್ಟು ಬಿಗಿಯಾಗಿತ್ತೆಂದರೆ ಸೊಸೆಗೆ ಮುಂದಿನ ಮಾತು ಹೊರಡಲಿಲ್ಲ. ಹೊರಟಿದ್ದರೂ ಕೇಳುವವರಿರಲಿಲ್ಲ, ಅತ್ತೆ ಆಗಲೇ ಅಳುತ್ತಿದ್ದಳು. ತಪ್ಪದ ಕಣ್ಣಿನ ಮುಂದೆ ನಿಜಕ್ಕೆ ಏನು ಬೆಲೆ? ಮಾಮ ಇಸ್ತ್ರಿ ಪೆಟ್ಟಿಗೆಯ ಸ್ವಿಚ್ಚು ಆರಿಸಿ, ಯಾರ ಮುಖವನ್ನೂ ನೋಡದೆ ಹೊರಗೆ ಹೋದ. ಗಂಡ ಷಟರು ಎಳೆದ. ನಲವತ್ತೆರಡು ಸಮವಸ್ತ್ರ ಮರುದಿನಕ್ಕೆ ಆಗಬೇಕಿದ್ದ ಮಧ್ಯಾಹ್ನ, ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ, ಅಂಗಡಿ ಮುಚ್ಚಿತು.

ಸೊಸೆಯನ್ನು ಮೇಲೆ ಕರೆದೊಯ್ದು ಮಲಗಿಸಿ ಅತ್ತೆ ಅವಳ ಕಾಲ ಬಳಿ ಕೂತಳು. ಐದು ಅಂಗಿಗಳನ್ನೂ ಮೊಳೆಯಿಂದ ಇಳಿಸಿಕೊಂಡಳು. ಸಡಿಲ ಮಾಡಿದ ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚಿ, ಹಳೆಯ ಗೆರೆಗೇ ತಂದು, ಕೈಯಲ್ಲೇ ಎರಡೆರಡು ಸಾಲು ಹೊಲಿಗೆ ಹಾಕಿದಳು. ಅಷ್ಟಕ್ಕೆ ಬಿಡಲಿಲ್ಲ. ಯಾವ ಬಟ್ಟೆಯಲ್ಲೂ ಎಂದೂ ಕತ್ತರಿ ಮುಟ್ಟಿಸದ ಜಾಗಕ್ಕೆ, ಮುಂದೆ ಬೇಕಾದೀತೆಂದು ಒಳಗೆ ಮಡಿಸಿಡುವ ಹೆಚ್ಚಿನ ಬಟ್ಟೆಗೆ, ಕತ್ತರಿ ಹಾಕಿದಳು. ಎರಡಿಂಚಿನ ಉದ್ದುದ್ದ ಪಟ್ಟಿಗಳು, ನೀಲಿ, ಬೂದು, ಹಸಿರು, ಆಕೆಯ ಮಡಿಲಿಗೆ ಬಿದ್ದವು.

"ಇನ್ನು ಇವನ್ನ ಯಾರೂ ಸಡಿಲ ಮಾಡೋ ಹಾಗಿಲ್ಲ. ನಾನೂ ಕೂಡ" ಅಂದಳು. "ಮಗು ಗಿಗು ಅನ್ನೋ ಮಾತು ಈ ಮನೇಲಿ ಇವತ್ತಿಗೆ ಮುಗೀತು. ಯಾರಾದರೂ ಎತ್ತಿದರೆ ನಾಲಿಗೆ ಹೊಲೀತೀನಿ. ನೀನಿದ್ದರೆ ಸಾಕು ನನಗೆ."

ಈ ಮಾತಿಗಾಗಿ ಸೊಸೆ ಹದಿನಾಲ್ಕು ತಿಂಗಳು ಕಾದಿದ್ದಳು. ಇದೇ ಮಾತನ್ನು ಅತ್ತೆ ಒಮ್ಮೆ, ಒಂದೇ ಒಂದು ಸಲ, ಹೇಳಿದ್ದರೆ ಕಾಲಿಗೆ ಬೀಳುತ್ತಿದ್ದಳು. ಈಗ ಬಂತು. ಅವಳು ಆ ಪಟ್ಟಿಗಳನ್ನು ನೋಡುತ್ತಾ ಮಲಗಿದ್ದಳು. ಹಿತವಾಗಲಿಲ್ಲ. ಬೇಡ, ಕತ್ತರಿಸಬೇಡಿ ಎಂದು ಒಳಗಿನಿಂದ ಯಾರೋ ಕೂಗಿದರು. ಆ ಯಾರೋ ತಾನೇ ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಇಷ್ಟು ದಿನ ಎಲ್ಲರೂ ಹಿಂದಿನಿಂದ ತಳ್ಳುತ್ತಿದ್ದರು. ತಳ್ಳಿಸಿಕೊಳ್ಳದೆ ಕಾಲೂರಿ ನಿಲ್ಲುವುದರಲ್ಲೇ ಅವಳ ಶಕ್ತಿಯೆಲ್ಲ ಹೋಗುತ್ತಿತ್ತು. ಈಗ ತಳ್ಳುವ ಕೈ ಇಲ್ಲ. ಇಲ್ಲದೆಯೂ ಅವಳು ಅತ್ತಲೇ ವಾಲುತ್ತಿದ್ದಳು. ಅವಳಿಗೆ ಮಗು ಬೇಕಿತ್ತು. ಸತ್ತದ್ದನ್ನು ಮರೆಯಲು ಅಲ್ಲ, ಅತ್ತೆಯ ನಿಟ್ಟುಸಿರು ನಿಲ್ಲಿಸಲು ಅಲ್ಲ. ಆ ಮೆಟ್ಟಿಲನ್ನು ಇನ್ನೊಮ್ಮೆ, ನಿಜವಾಗಿ, ಹುಷಾರಾಗಿ ಇಳಿಯಬೇಕಿತ್ತು.

"ಹಾಕ್ಕೊಂಡು ನೋಡು" ಎಂದು ಅತ್ತೆ ನೀಲಿ ಅಂಗಿ ಕೊಟ್ಟಳು. ಹಾಕಿಕೊಂಡಳು. ಬಿಸ್ಕತ್ತಿನ ಮೈ ಅದರೊಳಗೆ ಹಿಡಿಸಲಿಲ್ಲ. ಪೂರ್ತಿ ಉಸಿರೆಳೆದರೆ ಪಕ್ಕೆಯ ಹೊಲಿಗೆ ಒತ್ತುತ್ತಿತ್ತು.

"ಸರಿಯಾಗಿದೆ" ಅಂದಳು ಟೇಪಮ್ಮ, ಕೆಂಪು ಕಣ್ಣಲ್ಲಿ ಅಳೆದು.

"ಅತ್ತೆ, ನನಗೆ ಬೇಕು."

"ಏನು ಬೇಕು? ನೀರಾ?"

"ಮಗು. ನನಗೆ ಇನ್ನೊಂದು ಮಗು ಬೇಕು ಅತ್ತೆ."

ಅತ್ತೆ ಅವಳ ಕೆನ್ನೆ ಸವರಿದಳು. "ನನಗೋಸ್ಕರ ಹೇಳಬೇಡ ಕಂದ. ಇಷ್ಟು ದಿನ ನಾನು ನಿನ್ನ ಸೊಂಟ ನೋಡಿ ನೋಡಿ ನಿನ್ನ ಬಾಯಲ್ಲಿ ಈ ಮಾತು ಬರೋ ಹಾಗೆ ಮಾಡಿದ್ದೀನಿ. ನನ್ನದೇ ತಪ್ಪು. ಮಲಕ್ಕೋ."

"ನಿಮಗೋಸ್ಕರ ಅಲ್ಲ. ಆಣೆಗೂ ನನಗೋಸ್ಕರ."

"ಆಯ್ತು ಆಯ್ತು, ಮಲಕ್ಕೋ" ಎಂದು ಹೊದಿಕೆ ಎಳೆದು ಕುತ್ತಿಗೆಯ ತನಕ ಹೊದಿಸಿ, ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿದಳು. ಇಲ್ಲ ಎಂದರೂ ನಂಬಲಿಲ್ಲ, ಬೇಕು ಎಂದರೂ ನಂಬಲಿಲ್ಲ. ಅವಳಿಗೆ ನಗು ಬಂತು, ಅದು ಬಿಕ್ಕಳಿಕೆಯಾಗಿ ಹೊರಬಂತು. ಅತ್ತೆ ಅದನ್ನೂ ಅಳು ಅಂದುಕೊಂಡು ತಲೆ ನೇವರಿಸುತ್ತಾ ಕೂತು, ಕೂತಲ್ಲೇ ತೂಕಡಿಸಿದಳು.

ಆಕೆಯ ಕತ್ತು ವಾಲಿದ ಮೇಲೆ ಸೊಸೆ ಹೊದಿಕೆಯಿಂದ ಕಾಲು ಬಿಡಿಸಿಕೊಂಡು ಕೆಳಗಿಳಿದಳು. ಷಟರಿನ ಸಂದಿಯಿಂದ ಬಿಸಿಲು ಗೆರೆ ಗೆರೆಯಾಗಿ ಒಳಗೆ ಬಿದ್ದಿತ್ತು. ಗಂಡ ಮಿಷನ್ನಿನ ಮುಂದೆ ಕೂತು ಅದಕ್ಕೆ ಎಣ್ಣೆ ಬಿಡುತ್ತಿದ್ದ. ಬೆಳಿಗ್ಗೆ ತಾನೇ ಬಿಟ್ಟಿದ್ದ ಎಣ್ಣೆ. ತುಂಬಿ ಕೆಳಗೆ ಹಲಗೆಗೆ ಇಳಿಯುತ್ತಿತ್ತು.

"ನೀನಾದರೂ ನಂಬ್ತೀಯಾ? ಏನೂ ಇರಲಿಲ್ಲ. ಹೋಗಿಲ್ಲ, ಇರಲೇ ಇಲ್ಲ."

"ನಂಬ್ತೀನಿ" ಅಂದ ಅವನು ತಕ್ಷಣ. ಆಮೇಲೆ ತಲೆ ತಗ್ಗಿಸಿ, "ಒಳ್ಳೇದೇ ಆಯ್ತು ಬಿಡು" ಅಂದ.

ಅವಳು ಎದುರಿನ ಕುರ್ಚಿ ಹಿಡಿದು ನಿಂತಳು. "ನನಗೆ ಬೇಕು. ಇನ್ನೊಂದು ಮಗು ಬೇಕು ನನಗೆ. ಇದನ್ನೂ ನಂಬು."

"ಇದನ್ನೂ ನಂಬ್ತೀನಿ. ಅದಕ್ಕೇ ಭಯ ಆಗ್ತಿರೋದು." ಎಣ್ಣೆಯ ಡಬ್ಬಿ ಕೆಳಗಿಟ್ಟ. "ನನ್ನ ಕೈಲಿ ಆಗಲ್ಲ."

"ಸಿಳ್ಳೆ ಹಾಕ್ತಿದ್ದೆಯಲ್ಲ?"

"ಅಮ್ಮ ನೋಡ್ತಿದ್ದಳಲ್ಲ. ಸಿಳ್ಳೆ ಹಾಕದೆ ಏನು ಮಾಡ್ಲಿ? ನೀನು ಇಲ್ಲ ಅಂದ ತಕ್ಷಣ ನನಗೆ... ಎಷ್ಟು ಹಗುರಾಯ್ತು ಅಂದ್ರೆ, ನಿನ್ನ ಮುಖ ನೋಡೋಕೆ ನಾಚಿಕೆ ಆಗ್ತಿದೆ." ಮಿಷನ್ನಿನ ಚಕ್ರವನ್ನು ಅರ್ಧ ಸುತ್ತು ತಿರುಗಿಸಿ ಹೇಳಿದ: "ಆವತ್ತು ಆಸ್ಪತ್ರೆಯವರು ಅದನ್ನ ನನ್ನ ಕೈಗೆ ಕೊಟ್ಟರು. ಯಾರಾದರೂ ತಗೋಬೇಕಿತ್ತು. ಬಿಳಿ ಬಟ್ಟೇಲಿ ಸುತ್ತಿ. ನಮ್ಮ ಅಂಗಡಿಯದೇ ಬಟ್ಟೆ ಅದು, ಮುಟ್ಟಿದ ಕೂಡಲೇ ಗೊತ್ತಾಯ್ತು."

ಇದು ಅವಳಿಗೆ ಗೊತ್ತಿರಲಿಲ್ಲ. ಹದಿನಾಲ್ಕು ತಿಂಗಳು ಒಂದೇ ಹಾಸಿಗೆಯಲ್ಲಿ ಮಲಗಿ, ಅವನು ಹೇಳಿರಲಿಲ್ಲ. ಆಸ್ಪತ್ರೆಯವರು ತಾವೇ ಎಲ್ಲ ಮಾಡಿದರು ಅಂದುಕೊಂಡಿದ್ದಳು. ಕೇಳುವ ಧೈರ್ಯ ಅವಳಿಗೂ ಆಗಿರಲಿಲ್ಲ.

"ನೋಡಿದ್ಯಾ?"

"ನೋಡಿದೆ. ನೋಡಬಾರದು ಅಂತ ಇದ್ದೆ. ಕೈ ಸುಮ್ಮನಿರಲಿಲ್ಲ. ಅಮ್ಮನ ಮಗ ಅಲ್ವಾ ನಾನು, ಹಿಡಿದ ಕೂಡಲೇ ಅಳತೆ ಬಂದುಬಿಡ್ತು. ಹನ್ನೊಂದು ಇಂಚು. ಆವತ್ತಿಂದ ಯಾವ ಬಟ್ಟೆ ಹಿಡಿದರೂ ಮೊದಲು ಅಷ್ಟೇ ಕೈಗೆ ಬರುತ್ತೆ. ತೋಳು ಹೊಲಿಯುವಾಗ, ಕಾಲರು ಹೊಲಿಯುವಾಗ. ಇನ್ನೊಂದು ಸಲ ನನ್ನ ಕೈಗೆ ಯಾರಾದರೂ ಹಾಗೆ ಕೊಟ್ಟರೆ ಆಮೇಲೆ ನಾನು ಇರಲ್ಲ."

ಅವಳಿಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಕುರ್ಚಿಯನ್ನು ಎಳೆದುಕೊಂಡು, ಅವನ ಮೊಣಕಾಲಿಗೆ ತನ್ನ ಮೊಣಕಾಲು ತಾಗುವಷ್ಟು ಹತ್ತಿರ ಕೂತಳು.

"ತೋರಿಸು" ಅಂದಳು.

"ಬೇಡ."

"ನಾನು ನೋಡಿಲ್ಲ. ತೋರಿಸು."

ಅವನು ಎಣ್ಣೆ ಮೆತ್ತಿದ ಎರಡೂ ಕೈಗಳನ್ನು ಎತ್ತಿ, ಎದುರುಬದುರಾಗಿ ಗಾಳಿಯಲ್ಲಿ ಹಿಡಿದ. ನಡುವೆ ಹನ್ನೊಂದು ಇಂಚು ಜಾಗ. ಅವಳು ಅದನ್ನು ಈ ತುದಿಯಿಂದ ಆ ತುದಿಯ ತನಕ ನೋಡಿದಳು. ಇಷ್ಟು ದಿನ ಎಲ್ಲರೂ ಹೇಳಿದ್ದನ್ನು ಕೇಳಿ ಕೇಳಿ ಅವಳ ನೆನಪಿನಲ್ಲೂ ಅದು ಒಂದು ಹಿಡಿಯಷ್ಟಾಗಿ ಹೋಗಿತ್ತು.

"ಅಷ್ಟು ದೊಡ್ಡದಿತ್ತಾ?" ಅಂದಳು.

"ಇತ್ತು."

"ಬೆಳೆದೇ ಇರಲಿಲ್ಲ ಅಂದಿದ್ರು."

"ಬೆಳೆದಿತ್ತು. ಉಗುರು ಇತ್ತು."

ಅವಳು ಅತ್ತಳು. ಅವನೂ ಅತ್ತ. ಕೈ ಇಳಿಸಲಿಲ್ಲ, ಇಳಿಸಿದರೆ ಅದು ಬಿದ್ದುಹೋಗುವುದೇನೋ ಎಂಬ ಹಾಗೆ ಹಿಡಿದೇ ಇದ್ದ. ಷಟರನ್ನು ಹೊರಗಿನಿಂದ ಯಾರೋ ಬಡಿದು, ಸಮವಸ್ತ್ರ ಆಯಿತಾ ಎಂದು ಕೂಗಿ, ಉತ್ತರ ಸಿಗದೆ ಹೋದರು.

"ಇದನ್ನ ಕೇಳಿದ ಮೇಲೂ ಬೇಕಾ?" ಎಂದು ಕೇಳಿದ ಅವನು.

"ಬೇಕು."

ಅವನು ತನ್ನ ಕೈಗಳ ನಡುವಿನ ಜಾಗವನ್ನೇ ನೋಡುತ್ತಾ ಕೂತ. ಅವಳಿಗೆ ಬೇಡಿಕೊಳ್ಳಬೇಕು ಅನಿಸಿತು, ಹೆಗಲು ಹಿಡಿದು ಅಲುಗಿಸಬೇಕು ಅನಿಸಿತು, ಇನ್ನೊಂದು ಆದರೆ ಎಲ್ಲ ಸರಿಹೋಗುತ್ತದೆ ಎಂಬ ಸುಳ್ಳನ್ನಾದರೂ ಹೇಳಬೇಕು ಅನಿಸಿತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಹಲ್ಲು ಕಚ್ಚಿ ತಡೆದುಕೊಂಡಳು. ಬೇಕು ಎನ್ನಲು ತನಗೇ ಹದಿನಾಲ್ಕು ತಿಂಗಳು ಹಿಡಿದಿತ್ತು. ಅವನಿಗೆ ಇವತ್ತು ಮೊದಲನೇ ದಿನ.